ವಿಡಾಲ್ ಪಾಸಿಟಿವ್ ಬಂದರೆ ಟೈಫಾಯ್ಡ್ ಅಂತಲೇ ಅರ್ಥವೇ?

ಮಳೆಗಾಲ ಶುರುವಾದರೆ ಸಾಕು, ಫ್ಯಾಮಿಲಿ ಗ್ರೂಪ್‌ಗಳಲ್ಲಿ ಲ್ಯಾಬ್ ರಿಪೋರ್ಟ್‌ಗಳ ಫೋಟೋ ಬರತೊಡಗುತ್ತವೆ. "ಚಿಕ್ಕಪ್ಪನಿಗೆ ಮೂರು ದಿನದಿಂದ ಜ್ವರ, ರಕ್ತ ಟೆಸ್ಟ್ ಮಾಡಿಸಿದ್ವಿ, ಟೈಫಾಯ್ಡ್ ಅಂತೆ" ಎಂಬ ಒಂದು ಸಾಲು, ಅದರ ಕೆಳಗೆ 1:160 ಎಂಬ ಸಂಖ್ಯೆಗೆ ಪೆನ್ನಿನಿಂದ ಸುತ್ತು ಹಾಕಿದ ರಿಪೋರ್ಟ್. ಅದರ ಬೆನ್ನಿಗೇ ಯಾರೋ ಒಬ್ಬರು ಇಂಥದ್ದೊಂದು ಸಂದೇಶ ಫಾರ್ವರ್ಡ್ ಮಾಡುತ್ತಾರೆ:

"ಎಚ್ಚರ! ವಿಡಾಲ್ 1:80 ದಾಟಿದರೆ ಟೈಫಾಯ್ಡ್ ರಕ್ತದಲ್ಲಿ ಸೇರಿಕೊಂಡಿದೆ ಎಂದರ್ಥ. ರಿಪೋರ್ಟ್ ನೆಗೆಟಿವ್ ಬರುವವರೆಗೆ ಔಷಧಿ ನಿಲ್ಲಿಸಬೇಡಿ. ಎಲ್ಲರಿಗೂ ಶೇರ್ ಮಾಡಿ."

ಈ ಸಂದೇಶದಲ್ಲಿರುವ ಎರಡು ಮಾತುಗಳೂ ತಪ್ಪು. ಯಾಕೆ ತಪ್ಪು, ಹಾಗೆ ನಂಬಿದರೆ ಏನು ತೊಂದರೆ, ಟೈಫಾಯ್ಡ್ ಇದೆಯೋ ಇಲ್ಲವೋ ಎಂದು ನಿಜವಾಗಿ ತಿಳಿಯುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಚುಟುಕಾಗಿ ಹೇಳುವುದಾದರೆ

ವಿಡಾಲ್ ಪರೀಕ್ಷೆ ರಕ್ತದಲ್ಲಿ ಟೈಫಾಯ್ಡ್ ರೋಗಾಣುವನ್ನು ಹುಡುಕುವುದಿಲ್ಲ. ಆ ರೋಗಾಣುವಿನ ವಿರುದ್ಧ ನಮ್ಮ ದೇಹ ತಯಾರಿಸಿದ ಪ್ರತಿಕಾಯಗಳನ್ನು ಹುಡುಕುತ್ತದೆ. ಹಿಂದೆ ಯಾವಾಗಲೋ ಟೈಫಾಯ್ಡ್ ಬಂದು ಹೋಗಿದ್ದರೂ, ಈಗ ಬಂದಿರುವುದು ಬೇರೆ ಜ್ವರವೇ ಆಗಿದ್ದರೂ ಅದು ಪಾಸಿಟಿವ್ ತೋರಿಸಬಹುದು. ನಿಜವಾಗಿ ಟೈಫಾಯ್ಡ್ ಇದ್ದಾಗಲೂ ಮೊದಲ ದಿನಗಳಲ್ಲಿ ನೆಗೆಟಿವ್ ತೋರಿಸಬಹುದು. ಆದ್ದರಿಂದ ಒಂದೇ ಒಂದು ವಿಡಾಲ್ ರಿಪೋರ್ಟ್ ನೋಡಿ ಟೈಫಾಯ್ಡ್ ಇದೆ ಎಂದಾಗಲೀ ಇಲ್ಲ ಎಂದಾಗಲೀ ತೀರ್ಮಾನಿಸುವಂತಿಲ್ಲ.

ಮೊದಲು, ಟೈಫಾಯ್ಡ್ ಅಂದರೇನು?

ಟೈಫಾಯ್ಡ್ ಅಥವಾ ವಿಷಮಶೀತ ಜ್ವರ ಸಾಲ್ಮೊನೆಲ್ಲಾ ಟೈಫಿ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತದೆ. ಪ್ಯಾರಾಟೈಫಿ ಎಂಬ ಅದರ ದಾಯಾದಿಯಿಂದ ಬರುವ ಪ್ಯಾರಾಟೈಫಾಯ್ಡ್ ಕೂಡ ಹೆಚ್ಚುಕಡಿಮೆ ಹೀಗೇ ಇರುತ್ತದೆ. ರೋಗಿಯ ಮಲದ ಮೂಲಕ ಹೊರಬಿದ್ದ ರೋಗಾಣು ಕುಡಿಯುವ ನೀರಿಗೋ ಆಹಾರಕ್ಕೋ ಸೇರಿ ಮತ್ತೊಬ್ಬರ ಹೊಟ್ಟೆಗೆ ಹೋಗುತ್ತದೆ. ಕರುಳಿನಿಂದ ರಕ್ತಕ್ಕೆ ಇಳಿಯುತ್ತದೆ. ದಿನದಿನಕ್ಕೆ ಏರುವ ಜ್ವರ, ತಲೆನೋವು, ಸುಸ್ತು, ಹಸಿವಿಲ್ಲದಿರುವುದು, ಹೊಟ್ಟೆನೋವು, ಮಲಬದ್ಧತೆ ಅಥವಾ ಭೇದಿ ಇದರ ಸಾಮಾನ್ಯ ಲಕ್ಷಣಗಳು. ಚಿಕಿತ್ಸೆ ಸಿಗದಿದ್ದರೆ ಎರಡು ಮೂರು ವಾರಗಳಲ್ಲಿ ಕರುಳಿನಲ್ಲಿ ರಕ್ತಸ್ರಾವವಾಗಬಹುದು, ಕರುಳು ತೂತಾಗಲೂಬಹುದು.

ಅಂದರೆ ಟೈಫಾಯ್ಡ್ ಹಗುರವಾಗಿ ತೆಗೆದುಕೊಳ್ಳುವ ಕಾಯಿಲೆಯಲ್ಲ. ತೊಂದರೆ ಏನೆಂದರೆ, ಮೇಲೆ ಹೇಳಿದ ಲಕ್ಷಣಗಳಲ್ಲಿ ಬಹುತೇಕ ಎಲ್ಲವೂ ಡೆಂಗಿ, ಮಲೇರಿಯಾ, ಇಲಿ ಜ್ವರ, ಸ್ಕ್ರಬ್ ಟೈಫಸ್ ಮತ್ತು ಸಾಮಾನ್ಯ ವೈರಲ್ ಜ್ವರಗಳಲ್ಲೂ ಕಾಣಿಸಿಕೊಳ್ಳುತ್ತವೆ. ಮುಖ ನೋಡಿ, ನಾಡಿ ಹಿಡಿದು ಇಂಥದ್ದೇ ಜ್ವರ ಎಂದು ಹೇಳುವುದು ಅನುಭವಿ ವೈದ್ಯರಿಗೂ ಕಷ್ಟ. ಹಾಗಾಗಿಯೇ ರಕ್ತ ಪರೀಕ್ಷೆ ಬೇಕಾಗುತ್ತದೆ.

ವಿಡಾಲ್ ಪರೀಕ್ಷೆಯಲ್ಲಿ ನಡೆಯುವುದೇನು?

ಈ ಪರೀಕ್ಷೆಗೆ ಹೆಸರು ಬಂದಿದ್ದು ಫ್ರಾನ್ಸಿನ ವೈದ್ಯ ಫೆರ್ನಾಂಡ್ ವಿಡಾಲ್ ಅವರಿಂದ. ಅವರು ಇದನ್ನು ಪ್ರಕಟಿಸಿದ್ದು 1896ರಲ್ಲಿ. ಆ್ಯಂಟಿಬಯಾಟಿಕ್‌ಗಳೇ ಇಲ್ಲದಿದ್ದ ಕಾಲವದು. ಟೈಫಾಯ್ಡ್ ರೋಗಿಯ ರಕ್ತದ ಸೀರಮ್ಮನ್ನು, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯಾದ ದ್ರವವನ್ನು, ಟೈಫಾಯ್ಡ್ ಬ್ಯಾಕ್ಟೀರಿಯಾಗಳ ಜೊತೆ ಬೆರೆಸಿದರೆ ಅವು ಒಂದಕ್ಕೊಂದು ಅಂಟಿಕೊಂಡು ಗುಂಪುಗೂಡುತ್ತವೆ. ಹಾಲಿಗೆ ನಿಂಬೆರಸ ಬಿದ್ದಾಗ ಹರಳು ಹರಳಾಗುತ್ತದಲ್ಲ, ನೋಡಲು ಸುಮಾರಾಗಿ ಹಾಗೆ. ಬ್ಯಾಕ್ಟೀರಿಯಾಗಳನ್ನು ಹೀಗೆ ಅಂಟಿಸುವುದು ಸೀರಮ್ಮಿನಲ್ಲಿರುವ ಪ್ರತಿಕಾಯಗಳು.

ಇಂದು ಲ್ಯಾಬ್‌ಗಳಲ್ಲಿ ಮಾಡುವುದೂ ಇದನ್ನೇ. ಸತ್ತ ಬ್ಯಾಕ್ಟೀರಿಯಾಗಳಿರುವ ದ್ರಾವಣ ಬಾಟಲಿಗಳಲ್ಲಿ ಸಿಗುತ್ತದೆ. ರೋಗಿಯ ಸೀರಮ್ಮನ್ನು ನೀರುನೀರು ಮಾಡುತ್ತಾ ಹೋಗಿ, ಎಷ್ಟು ತೆಳುವಾದರೂ ಗುಂಪುಗೂಡುತ್ತದೆ ಎಂದು ನೋಡುತ್ತಾರೆ. ಈ ಅಳತೆಗೆ ಟೈಟರ್ ಎನ್ನುತ್ತಾರೆ. 1:160 ಎಂದರೆ ಸೀರಮ್ಮನ್ನು 160 ಪಟ್ಟು ತೆಳುವಾಗಿಸಿದ ಮೇಲೂ ಬ್ಯಾಕ್ಟೀರಿಯಾಗಳು ಅಂಟಿಕೊಂಡವು ಎಂದರ್ಥ. ಅದು ರಕ್ತದಲ್ಲಿ ಎಷ್ಟು ರೋಗಾಣು ಇದೆ ಎಂಬುದರ ಲೆಕ್ಕವಲ್ಲ.

ರಿಪೋರ್ಟ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಸಾಲು ಇರುತ್ತವೆ. ‘ಓ’ ಎಂದಿರುವುದು ಬ್ಯಾಕ್ಟೀರಿಯಾದ ಮೈ ಹೊದಿಕೆಯ ವಿರುದ್ಧದ ಪ್ರತಿಕಾಯ, ‘ಎಚ್’ ಎಂದಿರುವುದು ಅದು ಈಜಲು ಬಳಸುವ ಬಾಲದ ವಿರುದ್ಧದ ಪ್ರತಿಕಾಯ. ‘ಎಎಚ್’ ಮತ್ತು ‘ಬಿಎಚ್’ ಎಂದಿರುವುದು ಪ್ಯಾರಾಟೈಫಿಗೆ ಸಂಬಂಧಿಸಿದ್ದು.

ಹಾಗಿದ್ದರೆ ಎಡವಟ್ಟು ಎಲ್ಲಿ?

ಪ್ರತಿಕಾಯವನ್ನು ಮನೆ ಕಾಯುವ ನಾಯಿಯ ಬೊಗಳುವಿಕೆಗೆ ಹೋಲಿಸಬಹುದು. ನಾಯಿ ಬೊಗಳಿತೆಂದರೆ ಯಾರೋ ಬಂದಿರಬಹುದು, ನಿಜ. ಆದರೆ ಕಳ್ಳನೇ ಬಂದ ಎಂದು ಹೇಳಲು ಬೊಗಳಿದ ಸದ್ದೊಂದೇ ಸಾಲದು.

ಒಂದು: ಹಳೆಯ ನೆನಪು. ಟೈಫಾಯ್ಡ್ ಹೆಚ್ಚಾಗಿರುವ ನಮ್ಮಂಥ ದೇಶದಲ್ಲಿ ಬಹಳ ಜನರ ದೇಹ ಈ ಜಾತಿಯ ರೋಗಾಣುಗಳನ್ನು ಒಂದಲ್ಲ ಒಂದು ಸಲ ನೋಡಿರುತ್ತದೆ. ಹಾಗಾಗಿ ಯಾವ ಜ್ವರವೂ ಇಲ್ಲದ ಆರೋಗ್ಯವಂತರಲ್ಲೂ 1:40, 1:80ರಂಥ ಟೈಟರ್ ಸಿಗುವುದು ಅಪರೂಪವಲ್ಲ. ಅದರಲ್ಲೂ ‘ಎಚ್’ ಪ್ರತಿಕಾಯ ಕಾಯಿಲೆ ವಾಸಿಯಾದ ಮೇಲೂ ಬಹಳ ತಿಂಗಳು ಉಳಿಯುತ್ತದೆ.

ಎರಡು: ಬೇರೆ ಜ್ವರಕ್ಕೂ ಬೊಗಳುವುದು. ಸಾಲ್ಮೊನೆಲ್ಲಾ ಕುಟುಂಬದ ಬೇರೆ ಬ್ಯಾಕ್ಟೀರಿಯಾಗಳಿಗೂ ಟೈಫಿಗೂ ಮೈ ಹೊದಿಕೆಯಲ್ಲಿ ಹೋಲಿಕೆಯಿದೆ. ಇದಲ್ಲದೆ ಮಲೇರಿಯಾ, ಡೆಂಗಿಯಂಥ ಸಂಬಂಧವೇ ಇಲ್ಲದ ಕಾಯಿಲೆಗಳಲ್ಲೂ ವಿಡಾಲ್ ಪಾಸಿಟಿವ್ ಬಂದಿರುವುದು ದಾಖಲಾಗಿದೆ. ಜ್ವರ ಬಂದಾಗ ರೋಗನಿರೋಧಕ ವ್ಯವಸ್ಥೆ ಒಟ್ಟಾರೆ ಎಚ್ಚೆತ್ತು, ಹಳೆಯ ಪ್ರತಿಕಾಯಗಳೂ ಏರುವುದುಂಟು.

ಮೂರು: ತಡವಾಗಿ ಬೊಗಳುವುದು. ‘ಓ’ ಪ್ರತಿಕಾಯ ಕಾಣಿಸಿಕೊಳ್ಳುವುದು ಜ್ವರ ಶುರುವಾದ ಸುಮಾರು 6ರಿಂದ 8ನೇ ದಿನಕ್ಕೆ, ‘ಎಚ್’ ಸುಮಾರು 10ರಿಂದ 12ನೇ ದಿನಕ್ಕೆ. ನಾವು ಟೆಸ್ಟ್ ಮಾಡಿಸುವುದು ಎರಡನೇ ಅಥವಾ ಮೂರನೇ ದಿನ. ಆ ಹೊತ್ತಿಗೆ ಈಗಿನ ಟೈಫಾಯ್ಡ್‌ನ ಪ್ರತಿಕಾಯ ತಯಾರಾಗಿಯೇ ಇರುವುದಿಲ್ಲ. ಆದ್ದರಿಂದ ಮೂರನೇ ದಿನ ಬಂದ ನೆಗೆಟಿವ್ ರಿಪೋರ್ಟ್‌ಗೆ ಅರ್ಥವಿಲ್ಲ. ಅದೇ ಮೂರನೇ ದಿನ ಬಂದ ಪಾಸಿಟಿವ್ ರಿಪೋರ್ಟ್ ಕೂಡ ಹಳೆಯ ಪ್ರತಿಕಾಯದ್ದೇ ಆಗಿರುವ ಸಾಧ್ಯತೆ ಹೆಚ್ಚು. ಮೊದಲೇ ಆ್ಯಂಟಿಬಯಾಟಿಕ್ ನುಂಗಿದ್ದರೆ ಪ್ರತಿಕಾಯ ಸರಿಯಾಗಿ ಏರದೆಯೂ ಇರಬಹುದು.

ನಾಲ್ಕು: ಓದುವ ಕಣ್ಣು. ಟೆಸ್ಟ್ ಟ್ಯೂಬ್‌ನಲ್ಲಿ ಮಾಡುವ ವಿಡಾಲ್‌ಗೆ ಗಂಟೆಗಟ್ಟಲೆ ಕಾಯಬೇಕು. ಹೆಚ್ಚಿನ ಸಣ್ಣ ಲ್ಯಾಬ್‌ಗಳಲ್ಲಿ ನಡೆಯುವುದು ಗಾಜಿನ ಸ್ಲೈಡ್ ಮೇಲೆ ಕೆಲವೇ ನಿಮಿಷಗಳಲ್ಲಿ ಮುಗಿಯುವ ಪರೀಕ್ಷೆ. ಹರಳುಗಟ್ಟಿದೆಯೋ ಇಲ್ಲವೋ ಎಂದು ಕಣ್ಣಳತೆಯಲ್ಲೇ ಹೇಳಬೇಕು. ಒಂದೇ ರಕ್ತಕ್ಕೆ ಎರಡು ಲ್ಯಾಬ್‌ಗಳು ಬೇರೆ ಬೇರೆ ಟೈಟರ್ ಕೊಟ್ಟರೆ ಆಶ್ಚರ್ಯಪಡಬೇಕಿಲ್ಲ.

ನೂರು ಜನರ ಲೆಕ್ಕ

ಇದನ್ನು ಒಂದು ಲೆಕ್ಕದಲ್ಲಿ ನೋಡೋಣ. ಇದು ಅರ್ಥಮಾಡಿಕೊಳ್ಳಲು ನಾವೇ ಮಾಡಿಕೊಂಡ ಲೆಕ್ಕ, ಯಾವುದೋ ಊರಿನ ಅಂಕಿ ಅಂಶವಲ್ಲ.

ಮಳೆಗಾಲದಲ್ಲಿ ಒಂದು ಕ್ಲಿನಿಕ್‌ಗೆ ಜ್ವರವೆಂದು 100 ಜನ ಬಂದರು ಅಂದುಕೊಳ್ಳಿ. ಅವರಲ್ಲಿ ನಿಜವಾಗಿ ಟೈಫಾಯ್ಡ್ ಇರುವವರು 5 ಜನ. ಎಲ್ಲರಿಗೂ ವಿಡಾಲ್ ಮಾಡಿಸಲಾಯಿತು. ಪರೀಕ್ಷೆ ಆ ಐವರಲ್ಲಿ ನಾಲ್ವರನ್ನು ಸರಿಯಾಗಿ ಹಿಡಿಯಿತು. ಟೈಫಾಯ್ಡ್ ಇಲ್ಲದ 95 ಜನರಲ್ಲಿ ಐವರಿಗೆ ಒಬ್ಬರಂತೆ, ಅಂದರೆ 19 ಜನರಿಗೆ, ಸುಳ್ಳೇ ಪಾಸಿಟಿವ್ ತೋರಿಸಿತು.

ಈಗ ಪಾಸಿಟಿವ್ ರಿಪೋರ್ಟ್ ಹಿಡಿದುಕೊಂಡವರು ಒಟ್ಟು 23 ಜನ. ಅವರಲ್ಲಿ ನಿಜವಾದ ಟೈಫಾಯ್ಡ್ 4 ಜನರಿಗೆ ಮಾತ್ರ. ಉಳಿದ 19 ಜನರ ಜ್ವರಕ್ಕೆ ಕಾರಣ ಬೇರೆ ಏನೋ ಇದೆ. ಅದನ್ನು ಹುಡುಕುವ ಕೆಲಸ ಮಾತ್ರ ಅಲ್ಲಿಗೇ ನಿಂತುಬಿಡುತ್ತದೆ. "ನನ್ನ ತಂಗಿಗೆ ವಿಡಾಲ್ ಬಂದಾಗ ಟೈಫಾಯ್ಡ್ ಮಾತ್ರೆ ತಗೊಂಡು ವಾಸಿಯಾಯ್ತು" ಎಂದು ಹೇಳುವವರಲ್ಲಿ ಬಹಳ ಮಂದಿ ಈ 19ರ ಗುಂಪಿನವರೇ ಇರಬಹುದು. ವೈರಲ್ ಜ್ವರ ಐದಾರು ದಿನಕ್ಕೆ ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ಮಾತ್ರೆಗೆ ಹೋಗುತ್ತದೆ.

ತಪ್ಪಾದರೆ ನಷ್ಟವೇನು?

"ಇರಲಿ ಬಿಡಿ, ಟೈಫಾಯ್ಡ್ ಇಲ್ಲದಿದ್ದರೂ ಔಷಧಿ ತಗೊಂಡರೆ ತಪ್ಪೇನು?" ಎಂದು ಕೇಳಬಹುದು. ತಪ್ಪು ದೊಡ್ಡದೇ ಇದೆ.

ಡೆಂಗಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಹೆಚ್ಚು ಅಪಾಯದ ಹೊತ್ತು ಬರುವುದು ಜ್ವರ ಜೋರಾಗಿದ್ದಾಗ ಅಲ್ಲ, ಜ್ವರ ಇಳಿಯುವಾಗ, ಸಾಮಾನ್ಯವಾಗಿ 3ರಿಂದ 7ನೇ ದಿನದ ನಡುವೆ. ಆಗ ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯಬಹುದು. ಟೈಫಾಯ್ಡ್ ಎಂದು ನಂಬಿ ಔಷಧಿ ತೆಗೆದುಕೊಳ್ಳುತ್ತಿರುವ ಮನೆಯಲ್ಲಿ ನಾಲ್ಕನೇ ದಿನ ಜ್ವರ ಇಳಿದರೆ ಏನಾಗುತ್ತದೆ? "ಅಬ್ಬ, ಔಷಧಿ ಹಿಡಿಯಿತು" ಎಂದು ಎಲ್ಲರೂ ನಿರಾಳರಾಗುತ್ತಾರೆ. ರೋಗಿಯನ್ನು ಹತ್ತಿರದಿಂದ ಗಮನಿಸಬೇಕಾದ ದಿನವೇ ಗಮನ ಸಡಿಲವಾಗುತ್ತದೆ.

ಸ್ಕ್ರಬ್ ಟೈಫಸ್ ಇನ್ನೊಂದು ಉದಾಹರಣೆ. ಹೆಸರಿನಲ್ಲಿ ಟೈಫಾಯ್ಡ್‌ಗೆ ಹತ್ತಿರ, ಕಾಯಿಲೆ ಮಾತ್ರ ಪೂರ್ತಿ ಬೇರೆ. ಪೊದೆ, ಹುಲ್ಲುಗಳಲ್ಲಿರುವ ಅತಿಸಣ್ಣ ಹುಳುಗಳ ಕಡಿತದಿಂದ ಬರುತ್ತದೆ. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಔಷಧಿಗೆ ಚೆನ್ನಾಗಿ ಬಗ್ಗುತ್ತದೆ. ಟೈಫಾಯ್ಡ್‌ಗೆ ಸಾಮಾನ್ಯವಾಗಿ ಕೊಡುವ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಇದರ ಮೇಲೆ ಕೆಲಸ ಮಾಡುವುದಿಲ್ಲ. ತಡವಾದರೆ ಶ್ವಾಸಕೋಶ, ಕಿಡ್ನಿಗಳಿಗೆ ಪೆಟ್ಟು ಬೀಳಬಹುದು. ಮಲೆನಾಡಿನಲ್ಲಂತೂ ಇಲಿ ಜ್ವರ, ಮಂಗನ ಕಾಯಿಲೆಗಳೂ ಈ ಪಟ್ಟಿಯಲ್ಲಿವೆ. ವಾರಗಟ್ಟಲೆ ಸಂಜೆ ಹೊತ್ತು ಬರುವ ಜ್ವರ ಕ್ಷಯವೂ ಆಗಿರಬಹುದು.

ಇನ್ನು ಊರಿಗೆಲ್ಲ ಆಗುವ ನಷ್ಟ. ಬೇಕಿಲ್ಲದ ಕಡೆ ಆ್ಯಂಟಿಬಯಾಟಿಕ್ ಬಳಸಿದಷ್ಟೂ ಬ್ಯಾಕ್ಟೀರಿಯಾಗಳು ಅದಕ್ಕೆ ಜಗ್ಗದಂತೆ ಬಲಿಯುತ್ತವೆ. ಟೈಫಾಯ್ಡ್ ವಿಷಯದಲ್ಲಿ ಇದು ಆಗಿಯೇ ಇದೆ. 1948ರಿಂದ ದಶಕಗಳ ಕಾಲ ರಾಮಬಾಣವಾಗಿದ್ದ ಕ್ಲೋರಾಂಫೆನಿಕಾಲ್‌ಗೆ ಬಗ್ಗದ ತಳಿಗಳು ಬಂದವು. ಆಮೇಲೆ ಬಳಕೆಗೆ ಬಂದ ಸಿಪ್ರೋಫ್ಲಾಕ್ಸಾಸಿನ್ ಕೂಡ ಇಂದು ಭಾರತದ ಹೆಚ್ಚಿನ ಟೈಫಾಯ್ಡ್ ಪ್ರಕರಣಗಳಲ್ಲಿ ಭರವಸೆಯದ್ದಾಗಿ ಉಳಿದಿಲ್ಲ. 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ ಸೆಫ್ಟ್ರಿಯಾಕ್ಸೋನ್‌ಗೂ ಜಗ್ಗದ ಟೈಫಾಯ್ಡ್ ಕಾಣಿಸಿಕೊಂಡು ಹರಡಿತು. ನಿಜವಾಗಿ ಟೈಫಾಯ್ಡ್ ಬಂದ ಮಗುವಿಗೆ ಕೆಲಸ ಮಾಡುವ ಔಷಧಿ ಉಳಿಯಬೇಕಾದರೆ, ಟೈಫಾಯ್ಡ್ ಇಲ್ಲದವರು ಅದನ್ನು ನುಂಗದೆ ಇರಬೇಕು.

ಸರಿಯಾದ ಪರೀಕ್ಷೆ ಯಾವುದು?

ಬ್ಲಡ್ ಕಲ್ಚರ್. ರಕ್ತವನ್ನು ಪೋಷಕಾಂಶಗಳಿರುವ ಬಾಟಲಿಗೆ ಹಾಕಿ, ಬೆಚ್ಚಗಿಟ್ಟು, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುತ್ತಾರೆ. ನಾಯಿ ಬೊಗಳಿದ್ದನ್ನು ಕೇಳುವುದಲ್ಲ, ಕಳ್ಳನನ್ನೇ ಹಿಡಿಯುವುದು. ಬೆಳೆದ ಬ್ಯಾಕ್ಟೀರಿಯಾದ ಮೇಲೆ ಬೇರೆ ಬೇರೆ ಔಷಧಿಗಳನ್ನು ಪರೀಕ್ಷಿಸಿ, ಯಾವುದು ಕೆಲಸ ಮಾಡುತ್ತದೆ ಎಂಬುದನ್ನೂ ಹೇಳಬಹುದು. ವಿಡಾಲ್‌ನಿಂದ ಇದು ಎಂದಿಗೂ ಸಾಧ್ಯವಿಲ್ಲ.

ಆದರೆ ಕಲ್ಚರ್‌ಗೂ ಮಿತಿಗಳಿವೆ. ಟೈಫಾಯ್ಡ್ ರೋಗಿಯ ರಕ್ತದಲ್ಲಿ ರೋಗಾಣು ಬಹಳ ವಿರಳ, ಎಷ್ಟೋ ಸಲ ಒಂದು ಮಿಲಿಲೀಟರ್‌ಗೆ ಒಂದು ಸಿಕ್ಕರೆ ಹೆಚ್ಚು. ಹಾಗಾಗಿ ದೊಡ್ಡವರಲ್ಲಿ ಒಂದು ಬಾಟಲಿಗೆ 8ರಿಂದ 10 ಮಿಲಿಲೀಟರ್ ರಕ್ತ ಬೇಕಾಗುತ್ತದೆ, ಮಕ್ಕಳಲ್ಲಿ ವಯಸ್ಸು ನೋಡಿ ಕಡಿಮೆ. "ಇಷ್ಟೊಂದು ರಕ್ತ ಯಾಕೆ ತೆಗೀತಾರೆ" ಎಂದು ಗಾಬರಿಯಾಗಬೇಡಿ, ಕಡಿಮೆ ತೆಗೆದರೆ ರೋಗಾಣು ಸಿಗುವ ಸಾಧ್ಯತೆಯೂ ಕಡಿಮೆ. ಎಲ್ಲ ಸರಿಯಾಗಿ ಮಾಡಿದರೂ ಟೈಫಾಯ್ಡ್ ಇರುವ 100 ಜನರಲ್ಲಿ ಸುಮಾರು 60 ಜನರಲ್ಲಿ ಮಾತ್ರ ಕಲ್ಚರ್ ಪಾಸಿಟಿವ್ ಬರುತ್ತದೆ. ಆ್ಯಂಟಿಬಯಾಟಿಕ್ ಶುರುಮಾಡಿದ ಮೇಲೆ ರಕ್ತ ಕೊಟ್ಟರೆ ಇದು ಇನ್ನೂ ಕಡಿಮೆಯಾಗುತ್ತದೆ. ಫಲಿತಾಂಶಕ್ಕೆ ಎರಡು ಮೂರು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಬೇಕು.

ಆದ್ದರಿಂದ ಮುಖ್ಯವಾದದ್ದು ಕ್ರಮ: ಮೊದಲು ಕಲ್ಚರ್‌ಗೆ ರಕ್ತ, ಆಮೇಲೆ ಆ್ಯಂಟಿಬಯಾಟಿಕ್. ಟೈಫಾಯ್ಡ್‌ನ ಅನುಮಾನ ಬಲವಾಗಿದ್ದರೆ ರಿಪೋರ್ಟ್ ಬರುವವರೆಗೆ ಕಾಯದೆ ವೈದ್ಯರು ಔಷಧಿ ಶುರುಮಾಡಬಹುದು, ಅದು ಸರಿಯೇ. ರಕ್ತ ತೆಗೆದಿಟ್ಟಿದ್ದರೆ ಆಮೇಲೆ ದಾರಿ ತಿದ್ದಿಕೊಳ್ಳಲು ಅವಕಾಶವಿರುತ್ತದೆ.

ಮತ್ತೆ ವೈದ್ಯರು ವಿಡಾಲ್ ಬರೆಯುವುದೇಕೆ?

ಕಲ್ಚರ್ ಮಾಡಲು ಇನ್‌ಕ್ಯುಬೇಟರ್, ನುರಿತ ಸಿಬ್ಬಂದಿ, ಶುಚಿಯಾದ ವ್ಯವಸ್ಥೆ ಬೇಕು. ಅದು ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ, ದೊಡ್ಡ ಲ್ಯಾಬ್‌ಗಳಲ್ಲಿ ಸಿಗುತ್ತದೆ, ಸಣ್ಣ ಊರುಗಳಲ್ಲಿ ಸಿಗುವುದು ಕಷ್ಟ. ವಿಡಾಲ್ ಅಗ್ಗ, ಬೇಗ, ಎಲ್ಲೆಡೆ ಸಿಗುತ್ತದೆ. ರೋಗಿಯ ಕಡೆಯವರೂ "ಇವತ್ತೇ ಗೊತ್ತಾಗಬೇಕು" ಎಂದು ಒತ್ತಾಯಿಸುತ್ತಾರೆ. ಒಂದು ವಾರ ದಾಟಿದ ಜ್ವರ, ಅದಕ್ಕೆ ಒಪ್ಪುವ ಲಕ್ಷಣಗಳು, ಬೇರೆ ಜ್ವರಗಳ ಪರೀಕ್ಷೆಗಳೆಲ್ಲ ನೆಗೆಟಿವ್, ಜೊತೆಗೆ ಹೆಚ್ಚಿನ ‘ಓ’ ಟೈಟರ್. ಇಷ್ಟೂ ಕೂಡಿಬಂದಾಗ ವಿಡಾಲ್ ಒಂದು ಸುಳಿವಾಗಿ ವೈದ್ಯರಿಗೆ ನೆರವಾಗಬಹುದು. ನಿಯಮದ ಪ್ರಕಾರ ಮಾಡುವುದಾದರೆ ಸುಮಾರು 10ರಿಂದ 14 ದಿನಗಳ ಅಂತರದಲ್ಲಿ ಎರಡು ಸಲ ರಕ್ತ ತೆಗೆದು, ಟೈಟರ್ ನಾಲ್ಕು ಪಟ್ಟು ಏರಿದೆಯೇ ಎಂದು ನೋಡಬೇಕು. ಅಷ್ಟು ದಿನ ಯಾರೂ ಕಾಯುವುದಿಲ್ಲವಾದ್ದರಿಂದ ಒಂದೇ ರಿಪೋರ್ಟ್ ತೀರ್ಪಾಗಿಬಿಟ್ಟಿದೆ.

ಟೈಫಿಡಾಟ್‌ನಂಥ ಹೊಸ ಕಾರ್ಡ್ ಪರೀಕ್ಷೆಗಳೂ ಪ್ರತಿಕಾಯವನ್ನೇ ನೋಡುವುದರಿಂದ ಅವುಗಳಿಗೂ ಇಂಥದ್ದೇ ಮಿತಿಗಳಿವೆ.

ಫಾರ್ವರ್ಡ್‌ಗಳಲ್ಲಿ ಬರುವ ಮಾತು, ಅದರ ನಿಜ

*"ವಿಡಾಲ್ ನೆಗೆಟಿವ್ ಆಗುವವರೆಗೆ ಮಾತ್ರೆ ನಿಲ್ಲಿಸಬಾರದು."*
ತಪ್ಪು. ವಾಸಿಯಾದ ಮೇಲೂ ತಿಂಗಳುಗಟ್ಟಲೆ ಪಾಸಿಟಿವ್ ಬರಬಹುದು. ವಾಸಿಯಾಗಿದೆಯೇ ಎಂದು ತಿಳಿಯಲು ವಿಡಾಲ್ ಮತ್ತೆ ಮಾಡಿಸುವ ಅಗತ್ಯವಿಲ್ಲ. ವೈದ್ಯರು ಹೇಳಿದಷ್ಟು ದಿನ ಔಷಧಿ ಪೂರ್ತಿ ತೆಗೆದುಕೊಳ್ಳಬೇಕು. ಮಧ್ಯದಲ್ಲಿ ಬಿಡಬಾರದು, ನಾವಾಗಿಯೇ ಮುಂದುವರಿಸಲೂ ಬಾರದು.

*"ಟೈಫಾಯ್ಡ್ ರಕ್ತದಲ್ಲೇ ಉಳಿದು ವರ್ಷಾವರ್ಷ ಮರುಕಳಿಸುತ್ತದೆ."*
ಕೆಲವರಲ್ಲಿ ಜ್ವರ ಬಿಟ್ಟ ಕೆಲವು ವಾರಗಳಲ್ಲಿ ಮರುಕಳಿಸುವುದುಂಟು. ಇನ್ನು ಕೆಲವೇ ಜನರಲ್ಲಿ ರೋಗಾಣು ಪಿತ್ತಕೋಶದಲ್ಲಿ ನೆಲೆನಿಂತು, ಅವರಿಗೆ ತೊಂದರೆ ಕೊಡದೆ ಮಲದ ಮೂಲಕ ಬೇರೆಯವರಿಗೆ ಹರಡುತ್ತದೆ. ಅದನ್ನು ಪತ್ತೆಮಾಡಲು ಮಲದ ಕಲ್ಚರ್ ಬೇಕು. ಪ್ರತಿ ವರ್ಷ ಜ್ವರ ಬಂದಾಗಲೆಲ್ಲ ವಿಡಾಲ್ ಪಾಸಿಟಿವ್ ಬರುತ್ತಿದ್ದರೆ, ಅದು ಹಳೆಯ ಪ್ರತಿಕಾಯದ ನೆರಳು ಆಗಿರುವ ಸಾಧ್ಯತೆಯೇ ಹೆಚ್ಚು.

*"ಎರಡು ದಿನ ಮಾತ್ರೆ ತಗೊಂಡರೂ ಜ್ವರ ಇಳಿದಿಲ್ಲ, ಔಷಧಿ ಬದಲಿಸಿ."*
ನಿಜವಾದ ಟೈಫಾಯ್ಡ್‌ನಲ್ಲಿ ಸರಿಯಾದ ಔಷಧಿ ಶುರುವಾದ ಮೇಲೂ ಜ್ವರ ಪೂರ್ತಿ ಬಿಡಲು ನಾಲ್ಕೈದು ದಿನ ಹಿಡಿಯಬಹುದು. ಬದಲಿಸಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಲಿ.

*"ಟೈಫಾಯ್ಡ್‌ಗೆ ಬರೀ ಗಂಜಿ ಕೊಡಬೇಕು."*
ಮೆತ್ತಗಿನ, ಸುಲಭವಾಗಿ ಅರಗುವ ಊಟ ಒಳ್ಳೆಯದು. ಆದರೆ ವಾರಗಟ್ಟಲೆ ಉಪವಾಸದಂತೆ ಇಡುವುದು ರೋಗಿಯನ್ನು ಇನ್ನಷ್ಟು ಸೊರಗಿಸುತ್ತದೆ. ಅನ್ನ, ಬೇಳೆಕಟ್ಟು, ಮೊಸರು, ಇಡ್ಲಿ, ಬೇಯಿಸಿದ ಮೊಟ್ಟೆ ಎಲ್ಲವೂ ಆಗುತ್ತದೆ.

ಜ್ವರ ಬಂದಾಗ ನೀವು ಮಾಡಬಹುದಾದದ್ದು

- ಜ್ವರ ಯಾವ ದಿನ ಶುರುವಾಯಿತು ಎಂಬುದನ್ನು ಬರೆದಿಡಿ. ಯಾವ ಪರೀಕ್ಷೆ ಯಾವ ದಿನ ಮಾಡಿಸಬೇಕು ಎಂಬುದು ಇದರ ಮೇಲೆ ನಿಂತಿದೆ. ಉದಾಹರಣೆಗೆ ಡೆಂಗಿಯ ಎನ್‌ಎಸ್1 ಪರೀಕ್ಷೆ ಮೊದಲ ಐದು ದಿನಗಳಲ್ಲಿ ಹೆಚ್ಚು ಉಪಯುಕ್ತ, ಐಜಿಎಂ ಪರೀಕ್ಷೆ ಅದರ ನಂತರ.
- ವೈದ್ಯರನ್ನು ನೋಡದೆ ನೇರವಾಗಿ ಲ್ಯಾಬ್‌ಗೆ ಹೋಗಿ "ಜ್ವರದ ಟೆಸ್ಟ್ ಎಲ್ಲ ಮಾಡಿ" ಎನ್ನಬೇಡಿ.
- ಮೆಡಿಕಲ್ ಶಾಪ್‌ನಿಂದ ಆ್ಯಂಟಿಬಯಾಟಿಕ್ ಕೇಳಿ ತಂದು ನುಂಗಬೇಡಿ. ಈಗಾಗಲೇ ನುಂಗಿದ್ದರೆ ಅದರ ಪಟ್ಟಿಯನ್ನು ವೈದ್ಯರಿಗೆ ತೋರಿಸಿ, ಮುಚ್ಚಿಡಬೇಡಿ.
- ಟೈಫಾಯ್ಡ್ ಎಂದು ಹೇಳಿದರೆ ವಿನಯದಿಂದಲೇ ಕೇಳಿ: "ಡಾಕ್ಟ್ರೇ, ಔಷಧಿ ಶುರುಮಾಡುವ ಮೊದಲು ಬ್ಲಡ್ ಕಲ್ಚರ್‌ಗೆ ಕೊಡಬಹುದಾ? ಡೆಂಗಿ, ಮಲೇರಿಯಾ ಅಲ್ಲ ಅಂತ ನೋಡಿದ್ದೀರಾ?" ಯಾವ ಒಳ್ಳೆಯ ವೈದ್ಯರೂ ಇದಕ್ಕೆ ಬೇಸರಪಡುವುದಿಲ್ಲ.
- ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ಕಪ್ಪು ಮಲ, ಉಸಿರಾಟದ ತೊಂದರೆ, ಮೂತ್ರ ಕಡಿಮೆಯಾಗುವುದು, ಮಂಪರು. ಇವುಗಳಲ್ಲಿ ಯಾವುದು ಕಂಡರೂ ರಿಪೋರ್ಟ್ ಏನೇ ಹೇಳಲಿ, ತಕ್ಷಣ ಆಸ್ಪತ್ರೆಗೆ ಹೋಗಿ.
- ಟೈಫಾಯ್ಡ್ ಬರದಂತೆ ತಡೆಯಲು ಕುದಿಸಿದ ನೀರು, ಸೋಪಿನಿಂದ ಕೈತೊಳೆಯುವುದು ಬಹಳ ದೊಡ್ಡ ಕೆಲಸ ಮಾಡುತ್ತವೆ. ಲಸಿಕೆಯೂ ಇದೆ. ಮಕ್ಕಳಿಗೆ ಹಾಕಿಸುವ ಬಗ್ಗೆ ಮಕ್ಕಳ ವೈದ್ಯರನ್ನು ಕೇಳಿ.

ಕೊನೆಯ ಮಾತು

ವಿಡಾಲ್ ಮೋಸದ ಪರೀಕ್ಷೆಯಲ್ಲ. ಅದು ಉತ್ತರಿಸುವುದು "ಈ ದೇಹಕ್ಕೆ ಟೈಫಾಯ್ಡ್ ಜಾತಿಯ ರೋಗಾಣುವಿನ ಪರಿಚಯ ಇದೆಯೇ?" ಎಂಬ ಪ್ರಶ್ನೆಗೆ. ನಾವು ಕೇಳುತ್ತಿರುವುದು "ಈಗಿನ ಈ ಜ್ವರ ಟೈಫಾಯ್ಡೇ?" ಎಂದು. ಎರಡೂ ಒಂದೇ ಅಲ್ಲ.

ಮುಂದಿನ ಸಲ ಗ್ರೂಪ್‌ನಲ್ಲಿ ಯಾರಾದರೂ ವಿಡಾಲ್ ರಿಪೋರ್ಟ್ ಹಾಕಿದರೆ, ಟೈಟರ್ ಎಷ್ಟು ಎಂದು ಕೇಳುವ ಮೊದಲು ಜ್ವರ ಎಷ್ಟನೇ ದಿನ, ಬೇರೆ ಏನೇನು ಪರೀಕ್ಷೆ ಮಾಡಿಸಿದ್ದೀರಿ ಎಂದು ಕೇಳಿ. "ನೆಗೆಟಿವ್ ಬರುವವರೆಗೆ ಔಷಧಿ" ಎಂಬ ಸಂದೇಶ ನಿಮಗೆ ಬಂದರೆ ಅದನ್ನು ಮುಂದೆ ಕಳಿಸದೆ, ಕಳಿಸಿದವರಿಗೆ ಈ ಲೇಖನ ಕಳಿಸಿ.